ಸಂಪಾಜೆಯನ್ನು ಸೋಲಿಸಿದ್ದು ನಾನೇ

ಅರುವತ್ತರ ದಶಕದಲ್ಲಿ ನಾನು ಸುಳ್ಯದಲ್ಲಿ ಶಾಲಾ ಮಾಸ್ತರ. ಭಾನುವಾರ ಎಲ್ಲಿ ವಾಲಿಬಾಲ್ ಪಂದ್ಯವಿದ್ದರೂ ಹೋಗಿ, ಮಂಗಳೂರಿನ ಪತ್ರಿಕೆಯೊಂದಕ್ಕೆ ವರದಿ ಬರೆಯುತ್ತಿದ್ದೆ. ಲಕೋಟೆಯನ್ನು ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಅದು ಪುತ್ತೂರು ಮುಟ್ಟುತ್ತಿತ್ತು. ಅಲ್ಲಿದ್ದ ಪತ್ರಿಕೆಯ ಹಿರಿಯ ಬಾತ್ಮೀದಾರರು ತಮ್ಮ ಸುದ್ದಿಗಳ ಜೊತೆ ಅದನ್ನೂ ಮಂಗಳೂರಿಗೆ ಕಳಿಸಬೇಕು. ಕಳಿಸುತ್ತಿದ್ದರು, ಆದರೆ ತಮ್ಮ ಅಕ್ಷರದಲ್ಲಿ ನಕಲು ಮಾಡಿ, ತಮ್ಮ ಹೆಸರು ಹಾಕಿ! ಮಂಗಳವಾರದ ಕ್ರೀಡಾಪುಟದಲ್ಲಿ ನನ್ನ ಮಾತುಗಳ ಮೇಲೆ ಅವರ ಹೆಸರು ನೋಡಿ ಹೊಟ್ಟೆ ಉರಿಯುತ್ತಿತ್ತು. ಸಂಪಾದಕರಿಗೆ ಎರಡು ಸಲ ಕಾಗದ ಬರೆದೆ. ಸಾಕ್ಷಿ ಕೊಡಿ ಎಂದರು. ಕದ್ದ ಮಾತಿಗೆ ಎಲ್ಲಿಂದ ಸಾಕ್ಷಿ ತರಲಿ?

ಹೀಗಿರುವಾಗ ಪಂಜ ಮತ್ತು ಸಂಪಾಜೆ ತಂಡಗಳ ಫೈನಲ್ ಬಂತು. ಮುಖ್ಯ ಅತಿಥಿಗಳು ತಡವಾಗಿ ಬಂದು ಸಾವಕಾಶವಾಗಿ ಭಾಷಣ ಮಾಡಿದ್ದರಿಂದ, ಬಸ್ಸು ಹೊರಡುವಾಗ ಇನ್ನೂ ಒಂದು ಸೆಟ್ ಬಾಕಿ. ಬೇರೆ ದಾರಿ ಕಾಣದೆ ಎರಡು ವರದಿ ಬರೆದೆ. ಮೊದಲ ಹಾಳೆಯಲ್ಲಿ ಪಂಜವನ್ನು ಗೆಲ್ಲಿಸಿ, ಅದರ ನಾಯಕನನ್ನು ಹೆಗಲ ಮೇಲೆ ಮೆರೆಸಿದೆ. ಎರಡನೆಯದರಲ್ಲಿ ಸಂಪಾಜೆಯನ್ನು ಗೆಲ್ಲಿಸಿ, ಯಾವುದು ನಿಜವೆಂದು ಬೆಳಿಗ್ಗೆ ತಂತಿ ಕೊಡುವುದಾಗಿ ಕೆಳಗೆ ಬರೆದೆ.

ಗೆದ್ದದ್ದು ಸಂಪಾಜೆ. ಸೋಮವಾರ ಅಂಚೆ ಕಚೇರಿ ತೆರೆದ ಕೂಡಲೇ ಮಂಗಳೂರಿಗೆ ತಂತಿ ಕೊಟ್ಟೆ: ಎರಡನೆಯದು ನಿಜ.

ಮಂಗಳವಾರ ಸಂಪಾಜೆಯ ಆಟಗಾರರು ಪತ್ರಿಕೆ ಹಿಡಿದು ಮನೆಗೇ ಬಂದರು. "ಎಂತ ಮಾಷ್ಟ್ರೇ ಇದು? ಗೆದ್ದವರನ್ನು ಸೋಲಿಸುದಾ? ಇದರಲ್ಲಿ ಹೆಸರು ಉಂಟಲ್ಲ, ಆ ಜನವನ್ನು ನಾವು ಅಲ್ಲಿ ಕಾಣಲೇ ಇಲ್ಲ!"

ನೋಡಿದೆ. ಹೆಗಲ ಮೇಲಿನ ಮೆರವಣಿಗೆಯೂ ಸೇರಿ ನನ್ನ ಮೊದಲ ಹಾಳೆ ಅಕ್ಷರಶಃ ಅಚ್ಚಾಗಿತ್ತು. ಮಹಾನುಭಾವರು ಮಂಗಳೂರು ಬಸ್ಸಿನ ಅವಸರದಲ್ಲಿ ಎರಡನೆಯ ಹಾಳೆ ಮಗುಚಿಯೇ ಇರಲಿಲ್ಲ. ಆಟಗಾರರು ಕೆಂಡವಾಗಿ ನಿಂತಿದ್ದರೆ ನಾನು ಜಗಲಿಯಲ್ಲಿ ಕುಣಿಯುವುದೊಂದು ಬಾಕಿ. ಎಲ್ಲರಿಗೂ ಕಾಫಿ ಕೊಡಿಸಿ, ಮರುದಿನ ಶಾಲೆಗೆ ರಜೆ ಹಾಕಿ ಮಂಗಳೂರಿಗೆ ಹೋದೆ.

ಪುಟ ಅಚ್ಚಾದ ಮೇಲೆ ಕೈಸೇರಿದ ನನ್ನ ತಂತಿ ಸಂಪಾದಕರ ಮೇಜಿನ ಮೇಲಿತ್ತು. ಎರಡು ಹಾಳೆಗಳ ಕಥೆಯನ್ನು ನನ್ನ ಬಾಯಿಂದ ಕೇಳಿ, ಅವರು ಪುತ್ತೂರಿನವರನ್ನೂ ಕರೆಸಿದರು.

"ಪಂದ್ಯ ನೀವೇ ನೋಡಿದ್ದಾ?" ಎಂದು ಬಂದವರನ್ನು ಕೇಳಿದರು.

"ಕಣ್ಣಾರೆ ನೋಡಿದ್ದೇನೆ ಮಾರಾಯ್ರೆ. ಪಂಜದವರ ಆಟ ಅಂದ್ರೆ ಆಟ!"

ಸಂಪಾದಕರು ತಂತಿಯನ್ನು ಅವರ ಮುಂದೆ ಸರಿಸಿದರು. ಅದನ್ನು ಓದಿದವರ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ನನಗೆ ಪಾಪ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ.

ಮುಂದಿನ ಮಂಗಳವಾರ ನಿಜವಾದ ವರದಿ ನನ್ನ ಹೆಸರಿನಲ್ಲಿ ಬಂತು. ಸಂಪಾದಕರು ನ್ಯಾಯದಲ್ಲಿ ಒಂದು ಗುಲಗಂಜಿಯೂ ಕಡಿಮೆ ಮಾಡುವವರಲ್ಲ. ಕಳೆದ ವಾರ ಬೇರೆಯವರ ಹೆಸರಿನಲ್ಲಿ ಪ್ರಕಟವಾದ ತಪ್ಪು ವರದಿಯನ್ನು ಬರೆದವರೂ ಇವರೇ ಎಂದು ಕೆಳಗೆ ಸೇರಿಸಿದ್ದರು.

ಸಂಪಾಜೆಯ ನಾಯಕ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಅಡ್ಡಹಾಕಿದ. "ಹಾಗಾದ್ರೆ ನಮ್ಮನ್ನು ಸೋಲಿಸಿದ್ದು ನೀವೇಯಾ?"

"ಹೌದು, ನಾನೇ," ಎಂದೆ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ.