ಬ್ಯಾಟರಿಯಿಂದ ಎರಡೂವರೆ ಅಡಿ

ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿರುವ ಆಟೋ ಎಲೆಕ್ಟ್ರಿಷಿಯನ್ ಮಾದೇಶನ ಅಂಗಡಿಗೆ ಗಾಡಿ ತಂದವರು ಮೊದಲು ಬೈಸಿಕೊಳ್ಳಬೇಕು, ರಿಪೇರಿ ಆಮೇಲೆ. ಹತ್ತು ಆಂಪಿಯರ್ ಫ್ಯೂಸು ಪದೇ ಪದೇ ಹೋಗುತ್ತದೆಂದು ಮೂವತ್ತರದ್ದನ್ನು ಸಿಕ್ಕಿಸುವ ಜಾಣರು, ವೈರಿನ ಜಾಯಿಂಟಿಗೆ ಗಾಯದ ಪ್ಲಾಸ್ಟರ್ ಸುತ್ತುವ ಜಾಣರು, ಹಾರನ್ನಿನ ವೈರಿನಿಂದಲೇ ದೀಪಕ್ಕೂ ಕರೆಂಟು ಎಳೆಯುವ ಜಾಣರು. ಇವರೆಲ್ಲ ಇನ್ನೂ ಹೇಗೆ ಬದುಕಿದ್ದಾರೆ ಎಂಬುದು ಇಪ್ಪತ್ತಾರು ವರ್ಷದಿಂದ ಅವನಿಗೆ ಬಗೆಹರಿಯದ ಪ್ರಶ್ನೆ. ಬೈಗುಳ ತಿಂದವರೂ ಮತ್ತೆ ಅವನಲ್ಲಿಗೇ ಬರುತ್ತಾರೆ, ಏಕೆಂದರೆ ಅವನು ಮಾಡಿದ ಕೆಲಸ ಕೆಡುವುದಿಲ್ಲ.

ಮೂಗೂರಿನ ನಂಜೇಶ್ ಹಳೇ ಜೀಪೊಂದನ್ನು ತಂದು ನಿಲ್ಲಿಸಿದ್ದು ಹೋದ ವರ್ಷ. ಬಾಳೆಕಾಯಿ ವ್ಯಾಪಾರದಲ್ಲಿ ಚೆನ್ನಾಗಿ ದುಡಿದವನು. ಭಾನುವಾರ ಬಂತೆಂದರೆ ಸ್ನೇಹಿತರನ್ನು ಕಟ್ಟಿಕೊಂಡು, ಒಳ್ಳೆಯ ರಸ್ತೆ ಬಿಟ್ಟು ಹೊಳೆದಂಡೆಯ ಕೆಸರಿಗೆ ಗಾಡಿ ಇಳಿಸುವ ಶೋಕಿ ಅವನದು. ಇಂಥವರಿಗಾಗಿ ಸರ್ಕಾರ ಯಾಕೆ ಟಾರು ಹಾಕಿಸುತ್ತದೋ ಎಂದುಕೊಂಡ ಮಾದೇಶ್. ಟೈರಿಗೆ ಗಾಳಿ ತುಂಬುವ ಕಂಪ್ರೆಸರು, ನಾಲ್ಕು ದೊಡ್ಡ ದೀಪ, ಊರಿಗೆಲ್ಲ ಕೇಳುವಂಥ ಸ್ಪೀಕರು, ಇಷ್ಟಕ್ಕೂ ಸೇರಿ ಬೇರೆಯದೇ ಒಂದು ಫ್ಯೂಸ್ ಬಾಕ್ಸ್ ಬೇಕಾಗಿತ್ತು.

"ಬಾನೆಟ್ ಎತ್ತುದ್ರೆ ಒಂದ್ ವೈರೂ ಕಾಣ್ಬಾರ್ದು ಕಣಪ್ಪ. ಫೋಟೋ ತೆಗೀತಾರೆ," ಎಂದ ನಂಜೇಶ್.

ಮಾದೇಶ್ ಮನಸ್ಸಿನಲ್ಲೇ ಉಗಿದ, ಆದರೆ ಕೆಲಸವನ್ನು ನೋಡುವ ಹಾಗೆ ಮಾಡಿಕೊಟ್ಟ.

ಈ ವರ್ಷ ನಂಜೇಶನಿಗೆ ನಾಲ್ಕು ದೀಪ ಸಾಲದಾಯಿತು. ಜೀಪಿನ ನೆತ್ತಿಗೆ ಉದ್ದನೆಯ ಲೈಟೊಂದನ್ನು ನಂಜನಗೂಡಿನ ಪ್ರೇಮ್‌ಕುಮಾರನ ಅಂಗಡಿಯಲ್ಲಿ ಹಾಕಿಸಿಕೊಂಡ. ಪ್ರೇಮ್‌ಕುಮಾರ್ ಸೀಟ್ ಕವರು, ಸ್ಟಿಕ್ಕರು ಮಾರುವವನು, ಮಾದೇಶನ ಕೇರಿಯವನೇ. ಹದಿನೈದು ದಿನಕ್ಕೆ ಹಾಡಹಗಲಿನಲ್ಲಿ, ಹೊಳೆದಂಡೆಯಲ್ಲಿ, ಜೀಪಿನ ಬಾನೆಟ್ಟಿನಡಿ ಬೆಂಕಿ ಹತ್ತಿತು. ನಂಜೇಶನೂ ಪಕ್ಕದಲ್ಲಿ ಕೂತಿದ್ದ ಅವನ ಮಗಳು ನಂದಿತಾಳೂ ಹೊರಕ್ಕೆ ಹಾರಿ ಉಳಿದುಕೊಂಡರು. ಸ್ನೇಹಿತರು ಕೆಸರುನೀರು ಎರಚಿ ಬೆಂಕಿ ಆರಿಸಿದರು.

ಸಂಜೆ ಪ್ರೇಮ್‌ಕುಮಾರನ ಫೋನು ಬಂತು. "ಮಾವ, ನಂಜೇಶ್ ಸಾ ಜೀಪು ನನ್ ಲೈಟಿಂದ್ಲೇ ಸುಟ್ಟೋಯ್ತು ಅಂತವ್ರೆ. ನನ್ ಅಂಗ್ಡಿ ಮಳಿಗೆ ಅವ್ರ ಬಾವಂದು. ತಿಂಗ್ಳೊಳಗೆ ಖಾಲಿ ಮಾಡುಸ್ತೀನಿ ಅಂದವ್ರೆ. ನೀವೊಂದ್ಸಲ ನೋಡಿ ಏಳಿ."

"ಸ್ಟಿಕ್ಕರ್ ಅಂಟುಸ್ಕಂಡ್ ಇರೋದ್ ಬುಟ್ಟು ನಿಂಗ್ಯಾಕ್ಲಾ ವೈರಿನ್ ಸಾವಾಸ?" ಎಂದು ಮಾದೇಶ್ ಫೋನಿಟ್ಟ. ಆದರೂ ಮಾರನೆಯ ಬೆಳಿಗ್ಗೆ ಮೂಗೂರಿಗೆ ಹೊರಟ. ಪ್ರೇಮ್‌ಕುಮಾರನ ತಪ್ಪನ್ನು ಕಣ್ಣಾರೆ ಕಂಡು ಇನ್ನೊಂದಿಷ್ಟು ಉಗಿಯುವ ಆಸೆಯೂ ಇತ್ತೆನ್ನಬೇಕು.

ನಂಜೇಶನ ಮನೆ ಮುಂದೆ ಮಸಿ ಹಿಡಿದ ಜೀಪು ನಿಂತಿತ್ತು. ನಾಲ್ಕು ಜನ ಸೇರಿದ್ದರು.

"ನಿನ್ ಬಾಕ್ಸ್ ನೋಡು ಮಾದೇಶ, ಒಂದ್ ಫ್ಯೂಸೂ ಓಗಿಲ್ಲ. ಕೆಲ್ಸ ಅಂದ್ರೆ ಇದು," ಎಂದ ನಂಜೇಶ್.

ಮಾದೇಶ್ ಮೊದಲು ಪ್ರೇಮ್‌ಕುಮಾರನ ವೈರನ್ನು ಬೆರಳಿನಲ್ಲಿ ಹಿಡಿದು ಉದ್ದಕ್ಕೂ ನೋಡಿದ. ಲೈಟಿಗೆ ತಕ್ಕ ಫ್ಯೂಸು, ಗಟ್ಟಿ ಜಾಯಿಂಟು, ಮೇಲೆ ಪೈಪಿನ ಹೊದಿಕೆ. ಬೈಯಲು ಒಂದು ನೆಪವೂ ಸಿಗದೆ ಅವನಿಗೆ ಬೇಜಾರಾಯಿತು. ಆಮೇಲೆ ಫ್ಯೂಸುಗಳ ಕಡೆ ತಿರುಗಿದ. ಸುಟ್ಟ ಗಾಡಿಯಲ್ಲಿ ಒಂದು ಫ್ಯೂಸೂ ಹೋಗಿಲ್ಲವೆಂದರೆ ಹೊಗಳಿಕೆಯ ಮಾತಲ್ಲ. ಕರೆಂಟು ಫ್ಯೂಸಿನ ತನಕ ಬರದೆ, ಅದಕ್ಕೂ ಮೊದಲೇ ದಾರಿ ತಪ್ಪಿದೆ ಎಂದರ್ಥ. ಬಗ್ಗಿ ನೋಡಿದ. ಬ್ಯಾಟರಿಯಿಂದ ಹೊರಟ ದಪ್ಪ ಕೆಂಪು ವೈರು, ಬಾನೆಟ್ಟಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ತೂತು ದಾಟುವಲ್ಲಿ ರಬ್ಬರ್ ರಿಂಗು ಹರಿದು, ತಾಮ್ರ ತಗಡಿಗೆ ಕಚ್ಚಿಕೊಂಡಿತ್ತು. ಬೆಂಕಿ ಹತ್ತಿದ್ದು ಅಲ್ಲಿಂದಲೇ.

ಆ ವೈರಿಗೆ ಒಂದು ಮೇನ್ ಫ್ಯೂಸ್ ಇರಬೇಕು, ಅದು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ಕಸುಬಿನ ಮೊದಲ ಪಾಠ ಅದು. ಬಾನೆಟ್ಟಿನಡಿ ಚಂದ ಕಾಣಲೆಂದು ಮಾದೇಶ್ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಬಾಕ್ಸಿನ ಮಗ್ಗುಲಲ್ಲಿ ಕೂರಿಸಿದ್ದ. ಬ್ಯಾಟರಿಯಿಂದ ಅಲ್ಲಿಯ ತನಕ ಎರಡೂವರೆ ಅಡಿ ವೈರಿಗೆ ಹೇಳುವವರು ಕೇಳುವವರು ಇರಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮಾದೇಶ್ ಅವನ ವಂಶವನ್ನೇ ಜಾಲಾಡುತ್ತಿದ್ದ. ಈಗ ಸುಮ್ಮನೆ ತಲೆಯಾಡಿಸಿ ಹೊರಟರೂ ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಸಾ, ಪ್ರೇಮ್‌ಕುಮಾರಂದ್ ಏನೂ ತಪ್ಪಿಲ್ಲ. ತಪ್ಪು ನಂದು," ಎಂದ.

ನಂಜೇಶ್ ನಕ್ಕ. "ನಿಮ್ ಕೇರಿಯೋನು ಅಂತ ಮೈಮೇಲ್ ಎಳ್ಕತಾ ಇದ್ದೀಯ. ನಿಮ್ಮೋರ್ನ ನೀವ್ ಬುಟ್ಕೊಡಲ್ಲ, ಗೊತ್ತು ಬುಡು."

ಸುತ್ತ ನಿಂತವರೂ ನಕ್ಕರು. ಮಾದೇಶನಿಗೆ ಮೈ ಉರಿದುಹೋಯಿತು. ಕೆಲಸ ಚೆನ್ನಾಗಿದೆ ಎನ್ನುವಾಗ ಅವನು ಮಾದೇಶ್, ನಿಜ ಹೇಳಿದ ಕೂಡಲೇ ಕೇರಿಯವನು. ಇವರ ಹತ್ತಿರ ಬಾಯಿಮಾತು ದಂಡವೆಂದು, ಅಲ್ಲೇ ನಿಂತಿದ್ದ ನಂಜೇಶನ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಕೇಳದೆಯೇ ಬಿಚ್ಚಿ ತಂದ. ಅದರ ಒಂದು ತುದಿಯನ್ನು ಜೀಪಿನ ಬಾಡಿಗೆ ಸೇರಿಸಿದ. ಇನ್ನೊಂದು ತುದಿಯಿಂದ ತನ್ನ ಚೀಲದಲ್ಲಿದ್ದ ಹೊಸ ಕೆಂಪು ವೈರನ್ನು ಮೊದಲಿನಂತೆಯೇ ಬಾಕ್ಸಿನ ತನಕ ಎಳೆದ. ವೈರಿನ ನಡುವೆ ಬೆರಳಗಲ ಸಿಪ್ಪೆ ಕೆರೆದು, ಆ ಜಾಗವನ್ನು ಇಕ್ಕಳದಲ್ಲಿ ಹಿಡಿದು ತಗಡಿಗೆ ಒತ್ತಿದ.

ಕಿಡಿ ಹಾರಿತು. ವೈರಿನ ಸಿಪ್ಪೆ ಬೊಬ್ಬೆಯೆದ್ದು ಕರಗಿ, ಕಪ್ಪು ಹೊಗೆ ಮೇಲೆದ್ದಿತು. ನಕ್ಕವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಾದೇಶ್ ಇಕ್ಕಳದಿಂದಲೇ ವೈರನ್ನು ಬ್ಯಾಟರಿಯಿಂದ ಕಿತ್ತ.

"ಈಗ ಫ್ಯೂಸ್ ನೋಡಿ ಸಾ."

ನಂಜೇಶ್ ಬಗ್ಗಿ ನೋಡಿದ. ಎಲ್ಲವೂ ಸರಿಯಾಗಿದ್ದವು, ಮೇನ್ ಫ್ಯೂಸೂ ಸೇರಿ.

"ಅದು ಬ್ಯಾಟ್ರಿ ಪಕ್ದಲ್ಲಿದ್ದಿದ್ರೆ ಆಗ್ಲೇ ಕರೆಂಟ್ ನಿಲ್ಸಿರೋದು. ಅಲ್ಲೇ ಇಕ್ಬೇಕು ಅಂತ ನಂಗ್ ಗೊತ್ತಿತ್ತು. ಗೊತ್ತಿದ್ದೂ ಒಳಗಿಕ್ದೆ. ನಿಮ್ ಮಗ್ಳು ಕೂತಿದ್ಲು ಗಾಡೀಲಿ. ಈ ವೈರ್ ಯಾರ್ದು, ನೀವೇ ಏಳಿ."

ನಂಜೇಶ್ ಕರಗಿದ ವೈರನ್ನೂ ಮಗಳು ಕೂತಿದ್ದ ಸೀಟನ್ನೂ ನೋಡಿದ. "ನಿಂದು," ಎಂದ.

ಮಾದೇಶ್ ತನ್ನ ಫೋನಿನಲ್ಲಿ ಪ್ರೇಮ್‌ಕುಮಾರನ ನಂಬರು ಒತ್ತಿ ನಂಜೇಶನ ಕೈಗೆ ಕೊಟ್ಟ. ನಂಜೇಶ್ ಅದನ್ನು ಕಿವಿಗಿಟ್ಟುಕೊಂಡ.

"ಪ್ರೇಮ್‌ಕುಮಾರ್, ಅಂಗ್ಡಿ ಖಾಲಿ ಮಾಡೋ ವಿಚಾರ ಬುಟ್ಬುಡಿ. ಅದೇನೋ ವೈರಿಂಗಲ್ಲಿ ಒಂದ್ ಸಣ್ ಮಿಸ್ಟೇಕ್ ಆಗ್ಯದೆ."

"ಸಣ್ದಲ್ಲ," ಎಂದ ಮಾದೇಶ್ ಪಕ್ಕದಲ್ಲಿ ನಿಂತು. "ಮಾದೇಶಂದು ಅಂತ ಏಳಿ ಸಾ."