ಇಂಜಿನ್ ತೊಳೆದ ಮೇಲೆ

ನಮ್ಮ ಯಜಮಾನರು ನನ್ನನ್ನು ಗುರುತಿಸುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಸೋಮವಾರ, ಅದೂ ಕಾರಿನೊಳಗೆ ಕೂತಾಗ ಮಾತ್ರ. ಉಳಿದ ಹೊತ್ತಿನಲ್ಲಿ ನಾನು ಅವರಿಗೆ ಯಾರೋ ಒಬ್ಬ ಮರ್ಯಾದಸ್ಥ ಹೆಂಗಸು. "ಅಮ್ಮಾ, ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳುತ್ತಿದ್ದರು. ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು, ಪರರ ಮನೆಯಲ್ಲಿ ಹಿಡಿದುಕೊಳ್ಳುವ ಹಾಗೆ. ಐವತ್ತು ವರ್ಷ ಏಕವಚನದಲ್ಲಿ ಕರೆದ ಬಾಯಿಂದ ಆ ಬಹುವಚನ ಕೇಳುವುದಕ್ಕಿಂತ ಬೈಗುಳ ಕೇಳುವುದು ವಾಸಿ. ಡಾಕ್ಟರು ಆ ಕಾಯಿಲೆಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಸ್ಪೆಲಿಂಗ್ ಕೂಡ ತಪ್ಪಿಲ್ಲದೆ ಬರೆಯಬಲ್ಲೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಕಾರಿನೊಳಗೆ ಮಾತ್ರ ಅವರು ಬೇರೆಯೇ. ನಮ್ಮದು ಬಹಳ ಹಳೆಯ ಡೀಸೆಲ್ ಕಾರು. ಮೀಟರಿನ ಅಂಕಿಗಳು ಒಂದು ಸುತ್ತು ಮುಗಿಸಿ, ಸೊನ್ನೆಗೆ ಬಂದು, ಮತ್ತೆ ಮುಕ್ಕಾಲು ಸುತ್ತು ಓಡಿದ್ದವು. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳು ಏಳುತ್ತಿದ್ದವು. ಸೋಮವಾರ ಬೆಳಿಗ್ಗೆ ಬಿಳಿ ಅಂಗಿ ತೊಡಿಸಿ ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ನಾನು ಕೀ ತಿರುಗಿಸುತ್ತಿದ್ದೆ. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ ಹತ್ತು ಸೆಕೆಂಡ್ ಆ ಲೊಡಲೊಡ ಸದ್ದು ಕೇಳುತ್ತಿದ್ದರು. ಆಮೇಲೆ ಎಲ್ಲಿಂದಲೋ ವಾಪಸ್ ಬಂದವರ ಹಾಗೆ, "ಹೂಂ, ಹೊರಡೇ ಮತ್ತೆ. ಯಾಕೆ ಸುಮ್ಕೆ ಕುಂತೆ?" ಎನ್ನುತ್ತಿದ್ದರು.

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲು, ಹಳೇಬೀಡು. ದಾರಿಯುದ್ದಕ್ಕೂ ಬೈಗುಳ.

"ಗುಂಡಿ ಐತೆ ಕಣೇ! ಕಣ್ಣು ಎಲ್ಲಿ ಮಡಗಿದ್ದೀಯ?"

"ನೋಡಿದೆ ಕಣ್ರೀ."

"ನೋಡಿ ಇಳಿಸಿದ್ಯಾ? ಭೇಷ್. ನಿಮ್ಮ ಕಾನ್ವೆಂಟಲ್ಲಿ ಕ್ಲಚ್ ಬಿಡೋದೊಂದು ಕಲಿಸಲಿಲ್ಲ ನೋಡು."

ಡ್ರೈವಿಂಗ್ ಕಲಿಸಿದವರು ಅವರೇ ಎಂದು ನಾನು ನೆನಪಿಸುತ್ತಿರಲಿಲ್ಲ. ಹಳೇಬೀಡಿನ ಕೆರೆ ಏರಿಯ ಹತ್ತಿರ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಟೀ ತರಿಸಿ ಕುಡಿದು ವಾಪಸ್ ಬರುವುದು. ಅವರಿಗೆ ಹುಮ್ಮಸ್ಸಿದ್ದ ದಿನ ಬೇಲೂರಿನವರೆಗೂ ಹೋದದ್ದುಂಟು. ಮನೆಯ ಮುಂದೆ ಇಂಜಿನ್ ಆಫ್ ಮಾಡಿದ ಮೇಲೆ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಮತ್ತೆ ಅಮ್ಮಾ ಆಗುತ್ತಿದ್ದೆ. ಆದರೂ ಮುಂದಿನ ಸೋಮವಾರ ಇದೆಯಲ್ಲ ಅಂತ ಇರುತ್ತಿತ್ತು.

ಆ ಸದ್ದಿನಲ್ಲಿ ಅವರಿಗೆ ಏನು ಕೇಳುತ್ತಿತ್ತು ಎಂಬುದಕ್ಕೆ ಅವರ ಕಸುಬಿನ ವಿಷಯ ಹೇಳಬೇಕು. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಲೊಡಲೊಡ ಎನ್ನುತ್ತದೆ. ಅದು ಉಂಡೆ ಕೊಬ್ಬರಿ. ಯಜಮಾನರು ಗಂಡಸಿ ಹೋಬಳಿಯಿಂದ ಹಳೇಬೀಡಿನವರೆಗೆ ರೈತರ ಮನೆಗಳಿಗೆ ಇದೇ ಕಾರಿನಲ್ಲಿ ಹೋಗಿ, ಅಟ್ಟ ಹತ್ತಿ, ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಕಣ್ಣಿನಿಂದ ಅವರು ಏನನ್ನೂ ಕೊಂಡವರಲ್ಲ. "ಈ ಕಾರಿನ ಸದ್ದು ತಲೆನೋವು, ಏನಾದರೂ ಮಾಡಿಸ್ರೀ" ಎಂದು ನಾನು ಗೋಳಾಡಿದಾಗಲೆಲ್ಲ ಅವರು ನಗುತ್ತಿದ್ದರು. "ಅಲ್ಲಾಡ್ತಾ ಐತೆ ಅಂದ್ರೆ ಚೆನ್ನಾಗಿ ಒಣಗೈತೆ ಅಂತ ಕಣೇ. ಸುಮ್ನಿರೋ ಕಾಯಿ ಯಾರಿಗೆ ಬೇಕು?"

ಕಾರಿನ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸುವ ಗಡುವು ಬಂತು. ಅದಕ್ಕೆ ಮೊದಲು ಹೊಗೆ ಪರೀಕ್ಷೆ ಪಾಸಾಗಬೇಕು. ಎಮಿಷನ್ ಟೆಸ್ಟಿನವನು ಸೈಲೆನ್ಸರಿಗೆ ಪೈಪು ಹಾಕಿ, ಒಂದು ಸಲ ಆಕ್ಸಿಲರೇಟರ್ ಒತ್ತಿಸಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದ. "ಆಂಟಿ, ಇದು ಕಾರೋ, ಇಟ್ಟಿಗೆ ಗೂಡೋ? ಗುಜರಿಗೆ ಕೊಟ್ಬಿಡಿ." ಆ ಕ್ಷಣ ನನಗೆ ಕಂಡದ್ದು ಕಾರಲ್ಲ, ಸೋಮವಾರ. ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿರಬೇಕು. "ಇಂಜಿನ್ ಕ್ಲೀನ್ ಮಾಡೋ ಬಾಟ್ಲಿ ಸಿಗ್ತವೆ, ಹಾಕಿ ನೋಡಿ" ಎಂದ.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಎರಡು ಬಾಟಲಿ ಮುಂದಿಟ್ಟ. ಒಂದು ಡೀಸೆಲ್ ಟ್ಯಾಂಕಿಗೆ ಸುರಿಯುವುದು, ಇನ್ನೊಂದು ಇಂಜಿನ್ ಆಯಿಲಿಗೆ. ನಾನು ಕನ್ನಡಕ ಹಾಕಿಕೊಂಡು ಎರಡರ ಲೇಬಲ್ಲನ್ನೂ ಕೌಂಟರಿನಲ್ಲೇ ನಿಂತು ಪೂರ್ತಿ ಓದಿದೆ. "ಮೇಡಂ, ಇಷ್ಟು ವರ್ಷದಲ್ಲಿ ಇದನ್ನ ಓದಿದೋರು ನೀವೇ ಮೊದಲು" ಎಂದ ಅಂಗಡಿಯವನು. ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಬಿಕ್ಕೋಡಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ ಮಗಳು ನಾನು. ಸಾಹುಕಾರರ ಮಕ್ಕಳ ಮಧ್ಯೆ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಮಾನ ಕಾಪಾಡಿದ್ದು ಎರಡೇ: ನೀಟಾದ ಉಗುರು, ತಪ್ಪಿಲ್ಲದ ರೀಡಿಂಗ್. ಸಿಸ್ಟರ್‌ಗಳು ಪ್ರತಿ ಬೆಳಿಗ್ಗೆ ಅಸೆಂಬ್ಲಿಗೆ ಮುಂಚೆ ಕಿವಿಯ ಹಿಂಭಾಗವನ್ನೂ ಬಿಡದೆ ನೋಡುತ್ತಿದ್ದರು. ಕೊಳೆ ಎಂದರೆ ಪಾಪ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಬಾಟಲಿಗಳನ್ನು ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆ. ಕಾರು ಹೊಸದಾಗಿದ್ದಾಗಿನಿಂದ ಅದನ್ನು ನೋಡಿಕೊಂಡವನು, ಈಗ ಅವನ ಮೀಸೆಯೂ ಬೆಳ್ಳಗೆ.

"ಟ್ಯಾಂಕಿಗೆ ಹಾಕೋದು ಹಾಕಿ ಅಮ್ಮಾರೇ, ಹೊಗೆ ಕಮ್ಮಿ ಆಯ್ತದೆ. ಈ ಆಯಿಲಿಂದು ಬ್ಯಾಡ."

"ಯಾಕಪ್ಪ?"

"ಹಳೇ ಮಡ್ಡಿನೆಲ್ಲಾ ಎಬ್ಬಿಸ್ತದೆ. ವಯಸ್ಸಾದ ಇಂಜಿನ್ನು, ಒಳಗಿನ ಸೀಲೆಲ್ಲಾ ಸವ್ದೋಗವೆ. ಸಂದೀಲಿ ಮಡ್ಡಿ ಕುಂತು ಹೆಂಗೋ ಹಿಡ್ಕೊಂಡೈತೆ. ಅದನ್ನ ತೊಳುದ್ರೆ ಹಿಡ್ಕೊಳ್ಳೋರು ಯಾರು?"

"ಹೈ ಮೈಲೇಜ್, ಅಂದ್ರೆ ಬಹಳ ಓಡಿದ ಗಾಡಿಗೆ ಅಂತಲೇ ಪ್ರಿಂಟ್ ಮಾಡಿದ್ದಾರಲ್ಲ, ನೋಡು."

"ಪ್ರಿಂಟ್ ಮಾಡ್ದೋನು ನಮ್ ಸಾವ್ಕಾರ್ರ ಗಾಡಿ ನೋಡವ್ನಾ?"

ನಿಮ್ಮ ಮೆಕ್ಯಾನಿಕ್ಕನ್ನು ಕೇಳಿ ಹಾಕಿ ಎಂದೂ ಆ ಲೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿದ್ದೆ. ಕೇಳಿದ್ದೂ ಆಯಿತು. ಆದರೆ ಹೇಳಿದವನು ಓದುಬರಹ ತಿಳಿಯದವನು, ಓದಿದವಳು ನಾನು ಎಂಬ ಒಂದು ಹಳೆಯ ಜಂಬ ನನ್ನೊಳಗೆ ಕೂತಿತ್ತು. ಈಗ ಎಷ್ಟು ಬೈದುಕೊಂಡರೂ ಅಷ್ಟೆ.

ಶುಕ್ರವಾರ ಮೊದಲ ಬಾಟಲಿ ಟ್ಯಾಂಕಿಗೆ ಸುರಿದು, ಪಕ್ಕದ ಮನೆಯಾಕೆಯನ್ನು ಯಜಮಾನರ ಹತ್ತಿರ ಕೂರಿಸಿ, ಗಂಡಸಿಯವರೆಗೆ ಒಬ್ಬಳೇ ಹೋಗಿ ಬಂದೆ. ಭಾನುವಾರ ಆಯಿಲ್ ಬದಲಾಯಿಸಲು ಮೆಕ್ಯಾನಿಕ್ಕನ್ನು ಮನೆಗೇ ಬರಹೇಳಿದ್ದೆ. ಅವನು ಬರುವ ಮೊದಲೇ ಎರಡನೆಯ ಬಾಟಲಿಯನ್ನು ಹಳೆಯ ಆಯಿಲಿಗೆ ಸುರಿದು, ಲೇಬಲ್ಲಿನಲ್ಲಿದ್ದಂತೆ ಗಡಿಯಾರ ನೋಡಿ ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿದೆ. ಅವನು ಬಂದವನೇ ಕಾಂಪೌಂಡಿನ ಮೇಲಿದ್ದ ಖಾಲಿ ಬಾಟಲಿ ನೋಡಿದ.

"ಹಾಕೇಬಿಟ್ರಾ?"

"ಹಾಕಿದೆ."

ಅವನು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿ ನಟ್ ಬಿಚ್ಚಿದ. ಕರ್ರಗೆ, ನೀರಿನ ಹಾಗೆ ತೆಳ್ಳಗೆ ಸುರಿಯಿತು ಆಯಿಲ್. ಇಷ್ಟೊಂದು ಕೊಳೆಯೇ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದಾಗ ನಂಬಲಾಗಲಿಲ್ಲ. ಹೊಲಿಗೆ ಮಿಷನ್ನಿನ ಹಾಗೆ ಸದ್ದು. ಹೊಗೆ ಎಂಬುದು ಹೆಸರಿಗೆ ಮಾತ್ರ. ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ.

ಮಾರನೆಯ ದಿನ ಸೋಮವಾರ. ಅಂಗಿ ತೊಡಿಸಿದೆ, ಕೂರಿಸಿದೆ, ಕೀ ತಿರುಗಿಸಿದೆ. ಅವರು ತಲೆ ವಾಲಿಸಿದರು. ಹತ್ತು ಸೆಕೆಂಡ್ ಆಯಿತು. ಒಂದು ನಿಮಿಷವಾಯಿತು. ಹುಬ್ಬು ಗಂಟಾಯಿತು.

"ಹಸಿ" ಎಂದರು.

"ಏನ್ರೀ?"

"ಒಳಗೆ ಇನ್ನೂ ನೀರೈತೆ. ಅಟ್ಟದಿಂದ ಯಾರು ಇಳಿಸಿದ್ದು ಇದನ್ನ?" ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, "ತಪ್ಪು ತಿಳ್ಕೋಬೇಡಿ ಅಮ್ಮಾ. ಇದು ನಮ್ಮ ಗಾಡಿ ಅಲ್ಲ. ನೋಡದೆ ಹತ್ತಿಬಿಟ್ಟೆ" ಎಂದು ಬಾಗಿಲು ತೆಗೆದು ಇಳಿದರು.

ನಾನೂ ಇಳಿದು ಹಿಂದೆ ಹೋದೆ. ಅವರು ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದರು.

"ಯಾರಿಗೆ ಕಾಯ್ತಾ ಇದ್ದೀರಿ?" ಎಂದೆ.

"ನಮ್ಮನೆಯೋಳು ಗಾಡಿ ತರಾಕೆ ಹೋಗವ್ಳೆ. ಬತ್ತಾಳೆ. ಒಸಿ ನಿಧಾನ ಓಡಿಸ್ತಾಳೆ, ಕಾನ್ವೆಂಟ್ ಹುಡುಗಿ." ಎಷ್ಟು ಪ್ರೀತಿಯಿಂದ ನಕ್ಕರೆಂದರೆ, ನಾನು ಮುಖ ಆ ಕಡೆ ತಿರುಗಿಸಿಕೊಳ್ಳಬೇಕಾಯಿತು. ಬಿಸಿಲು ಏರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು, ನನಗಾಗಿ ಕಾಯುತ್ತಾ.

ಆ ವಾರ ಹೊಗೆ ಪರೀಕ್ಷೆ ಪಾಸಾಯಿತು. "ಏನ್ ಜಾದೂ ಮಾಡಿದ್ರಿ ಆಂಟಿ?" ಎಂದು ಟೆಸ್ಟಿನವನು ಸರ್ಟಿಫಿಕೇಟ್ ಕೊಟ್ಟ. ಮನೆಗೆ ಬಂದು ಅದನ್ನು ಎಲ್ಲಿಟ್ಟೆನೋ, ಆಮೇಲೆ ಹುಡುಕಬೇಕಾಯಿತು. ಮುಂದಿನ ಸೋಮವಾರವೂ ಅವರು ಹತ್ತಿ, ಕೇಳಿ, ಇಳಿದರು. ಅಷ್ಟರಲ್ಲಿ ಕಾರಿನ ಕೆಳಗೆ ಸಿಮೆಂಟಿನ ಮೇಲೆ ಆಯಿಲ್ ತೊಟ್ಟಿಕ್ಕತೊಡಗಿತ್ತು. ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ. ನಾನು ಹೇಳಿದ್ನಲ್ಲ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಸೀಲು ಹೊಸದು ಹಾಕ್ತೀನಿ, ಸೋರೋದು ನಿಲ್ತದೆ" ಎಂದ.

"ಅದು ಇರಲಿ. ಆ ಹಳೆಯ ಸದ್ದು ವಾಪಸ್ ಬರೋ ಹಾಗೆ ಮಾಡೋಕೆ ಆಗುತ್ತಾ?"

ಅವನು ನಕ್ಕ. "ಊರೋರೆಲ್ಲಾ ಸದ್ದು ನಿಲ್ಸು ಅಂತ ಬತ್ತಾರೆ, ನೀವು ಸದ್ದು ಹಾಕು ಅಂತೀರಲ್ಲ ಅಮ್ಮಾರೇ!" ನಾನು ನಗಲಿಲ್ಲ. ಯಜಮಾನರ ವಿಷಯ ಹೇಳಿದೆ, ಇಡೀ ಊರಿನಲ್ಲಿ ಅವನೊಬ್ಬನಿಗೇ. ಅವನು ಕೈಯ ಗ್ರೀಸನ್ನು ಬಟ್ಟೆಗೆ ಬಹಳ ಹೊತ್ತು ಒರೆಸಿಕೊಂಡ. ಆಮೇಲೆ, "ವಾಲ್ವ್ ಒತ್ತೋ ಟ್ಯಾಪೆಟ್ಟು ಒಸಿ ಸಡಿಲ ಬಿಟ್ರೆ ಟಕಟಕ ಅಂತದೆ. ಮಾಡಬಾರ್ದು, ಆದ್ರೂ ನೋಡನ" ಎಂದ.

ಸೀಲು ಬದಲಾಯಿಸಿದ ದಿನ ಅದನ್ನೂ ಶುರುಮಾಡಿದ. ಸಡಿಲಿಸುವುದು, ಸ್ಟಾರ್ಟ್ ಮಾಡುವುದು, ನನ್ನ ಮುಖ ನೋಡುವುದು.

"ಹಿಂಗಿತ್ತಾ?"

"ಇನ್ನೂ ಸ್ವಲ್ಪ ಜೋರು ಅನ್ಸುತ್ತೆ."

"ಈಗ?"

"ಗೊತ್ತಾಗ್ತಿಲ್ಲ ಕಣಪ್ಪ."

ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಅಷ್ಟು ವರ್ಷ ಆ ಕಾರಿನಲ್ಲಿ ಕೂತು ನಾನು ಸದ್ದನ್ನು ಬೈದಿದ್ದೆನೇ ಹೊರತು ಒಂದು ದಿನವೂ ಕೇಳಿರಲಿಲ್ಲ. ಅದರೊಳಗೆ ಎಷ್ಟು ಟಕಟಕ, ಎಷ್ಟು ಗಡಗಡ, ಎಲ್ಲಿ ತಡೆದು ಎಲ್ಲಿ ಓಡುತ್ತಿತ್ತು, ಒಂದೂ ಹೇಳಲಾಗಲಿಲ್ಲ. ಗಂಡನ ಮಾತನ್ನೂ ಹೀಗೇ ಕೇಳಿದ್ದೆನೇನೋ ಎಂದು ಒಮ್ಮೆ ಅನ್ನಿಸಿತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

"ಸಾವ್ಕಾರ್ರನ್ನೇ ಕರೀರಿ" ಎಂದ ಮೆಕ್ಯಾನಿಕ್.

ಕೈ ಹಿಡಿದು ಕರೆದುಕೊಂಡು ಬಂದೆ. ತೆರೆದ ಬಾನೆಟ್ಟಿನ ಮುಂದೆ ನಿಂತದ್ದೇ ಅವರ ಬೆನ್ನು ನೆಟ್ಟಗಾಯಿತು. ಒಂದು ಬೆರಳೆತ್ತಿದರು. "ಇನ್ನೊಸಿ ಬಿಡ್ಲಾ" ಎಂದರು ಮೆಕ್ಯಾನಿಕ್ಕಿಗೆ, ಮಂಡಿಯಲ್ಲಿ ಹಮಾಲಿಗೆ ಹೇಳುವ ಹಾಗೆ. ಅವನು ಬಿಟ್ಟ. "ಜಾಸ್ತಿ ಆಯ್ತು. ಹಿಂದಕ್ಕೆ... ಹಾಂ. ಮೂರನೇದು ಒಂದ್ ಚೂರು." ಮೆಕ್ಯಾನಿಕ್ ಬೆವರುತ್ತಾ ಸ್ಪ್ಯಾನರ್ ತಿರುಗಿಸಿದ. ಕೊನೆಗೆ ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಬಹಳ ಹೊತ್ತು ಕೇಳಿ, ತೃಪ್ತಿಯಿಂದ ತಲೆಯಾಡಿಸಿದರು.

"ಒಳ್ಳೇ ಗಾಡಿ. ಯಾರ್ದು?"

ಮೆಕ್ಯಾನಿಕ್ ನನ್ನ ಮುಖ ನೋಡಿದ. "ಇವ್ರದೇ ಸಾವ್ಕಾರ್ರೇ" ಎಂದ, ಮೆಲ್ಲಗೆ.

"ಚೆನ್ನಾಗಿ ಮಡಗಿದ್ದೀರಿ ಅಮ್ಮಾ" ಎಂದರು ಅವರು ನನಗೆ, ಕೈ ಮುಗಿದು.

ಸೋಮವಾರ ಬಂದಾಗ ನಾನೇ, "ಹಳೇಬೀಡಿನ ಕಡೆ ಹೊರಟಿದ್ದೇನೆ, ಬರ್ತೀರಾ?" ಎಂದು ಕೇಳಿದೆ. ಸಂತೋಷವಾಗಿ ಒಪ್ಪಿದರು. ಮುಂದಿನ ಬಾಗಿಲು ತೆಗೆದೆ, ಅವರು ಹಿಂದಿನ ಸೀಟಿನಲ್ಲಿ ಕೂತರು. ಪರಸ್ತ್ರೀಯ ಪಕ್ಕ ಕೂರುವವರಲ್ಲ. ಬಾಣಾವರ ದಾಟಿದರೂ ಒಂದು ಬೈಗುಳವಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದೆ, ಮೊಣಕಾಲ ಮೇಲೆ ಕೈಯಿಟ್ಟು ಕಿಟಕಿಯಾಚೆ ತೆಂಗಿನ ಸಾಲು ನೋಡುತ್ತಿದ್ದರು. ಜಾವಗಲ್ಲಿನ ಹತ್ತಿರ, ಮಾತಿಗೊಂದು ಮಾತು ಇರಲಿ ಎನ್ನುವ ಹಾಗೆ ಕೇಳಿದರು:

"ನಿಮ್ಮ ಯಜಮಾನ್ರು ಏನ್ ಮಾಡ್ತಾರೆ ಅಮ್ಮಾ?"

"ಕೊಬ್ಬರಿ ವ್ಯಾಪಾರ."

"ಹೌದಾ! ಯಾವೂರಲ್ಲಿ?"

"ಅರಸೀಕೆರೆಯಲ್ಲೇ."

"ಹಂಗಾದ್ರೆ ನಂಗೆ ಗೊತ್ತಿರ್ಲೇಬೇಕು. ಏನ್ ಹೆಸರು?"

ನಮ್ಮಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಐವತ್ತು ವರ್ಷದಲ್ಲಿ ನಾನೂ ಹೇಳಿದವಳಲ್ಲ, ಬ್ಯಾಂಕಿನಲ್ಲಿ ಕೇಳಿದರೂ ಬರೆದು ತೋರಿಸುತ್ತಿದ್ದೆ. ಆ ದಿನ ಹೇಳಿದೆ. ಅವರ ಅಪ್ಪನ ಹೆಸರಿನ ಮೊದಲಕ್ಷರವನ್ನೂ ಸೇರಿಸಿ, ನಿಧಾನವಾಗಿ ಹೇಳಿದೆ.

ಅವರು ಯೋಚಿಸಿದರು. ತುಟಿಯಲ್ಲಿ ಆ ಹೆಸರನ್ನು ಒಂದೆರಡು ಸಲ ಹೊರಳಿಸಿದ್ದು ಕನ್ನಡಿಯಲ್ಲಿ ಕಂಡಿತು. ನಾನು ಗೇರ್ ಕೂಡ ಬದಲಾಯಿಸದೆ ಕಾದೆ. ಹಳೇಬೀಡಿನ ಕೆರೆ ಕಂಡಿತು, ಏರಿ ಬಂತು, ಕಾರು ನಿಂತಿತು.

"ಇಲ್ಲ ಅಮ್ಮಾ" ಎಂದರು, ನನಗೆ ಬೇಸರವಾದೀತೆಂದು ದನಿ ತಗ್ಗಿಸಿ. "ಆ ಹೆಸರಿನೋರು ಯಾರೂ ನಂಗೆ ಗೊತ್ತಿಲ್ಲ."