ಕೋರ್ಟ್ ಕೂಗಿನ ದಶರಥನ ರೇಡಿಯೋ

ಆ ಭಾನುವಾರ ಸಂಜೆ ಐದಕ್ಕೆ ದಶರಥ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಯಾರೂ ಇಲ್ಲದ ಕೋಣೆಗೆ ಕೈ ಮುಗಿದ. ಎದುರಿಗೆ ಟೀಪಾಯಿ, ಅದರ ಮೇಲೆ ಮೈಕು.

"ಜಗತ್ತಿನ ಮೂಲಿ ಮೂಲಿಯೊಳಗಿರೋ ಕೇಳುಗರಿಗೆ ಶರಣ್ರೀ," ಅಂದ.

ಜಗತ್ತಿನ ಒಂದು ಮೂಲೆ ಎದುರಿನ ರಾಮಣ್ಣನ ಮೊಬೈಲ್ ಅಂಗಡಿ. ಇನ್ನೊಂದು ಮೂಲೆ ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದ ಹೆಂಡತಿ ತಾರವ್ವ. ಉಳಿದ ಮೂಲೆಗಳ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಇಂಟರ್ನೆಟ್ ರೇಡಿಯೋ ಅಂತ ಒಂದು ಮನೆ ಹೊಕ್ಕ ಮೇಲೆ ಭಾನುವಾರ ಸಂಜೆ ಮಿಕ್ಸರ್ ಹಚ್ಚುವಂತಿಲ್ಲ, ಕೆಮ್ಮುವಂತಿಲ್ಲ, ಕುಕ್ಕರಿಗೂ ಸೀಟಿ ಹೊಡೆಯುವ ಹಕ್ಕಿಲ್ಲ.

ದಶರಥ ಜಮಖಂಡಿ ಕೋರ್ಟಿನಲ್ಲಿ ಕೂಗುವ ಜವಾನನಾಗಿದ್ದವ. ಬಿಳೇ ಅಂಗಿ ಹಾಕಿಕೊಂಡು ಕಟ್ಟೆಗೆ ಬಂದು ಕೇಸಿನ ಪಾರ್ಟಿಯ ಹೆಸರು ಮೂರು ಸಲ ಕೂಗಬೇಕು, ಯಾರೂ ಓ ಅನ್ನದಿದ್ದರೆ ಒಳಗೆ ಹೋಗಿ "ಗೈರಹಾಜರ್, ಸಾಹೇಬ್ರ" ಅನ್ನಬೇಕು. ಡ್ಯಾಮಿನ ನೀರು ಏರಿ ಪರಿಹಾರದ ಕೇಸುಗಳು ಬಂದ ಕಾಲಕ್ಕಂತೂ ಅವನ ಗಂಟಲಿಗೆ ಬಿಡುವೇ ಇರಲಿಲ್ಲ. ಊರು ಮುಳುಗಿದ್ದವು, ಹೆಸರು ತೇಲುತ್ತಿದ್ದವು. ಅವನು ಕೂಗಿದರೆ ಮುಧೋಳ ಬಸ್ಸು ಹತ್ತಿದವರು ಇಳಿದು ಬರುತ್ತಿದ್ದರಂತೆ. ಇದು ಅವನೇ ಹೇಳಿದ್ದು. ಇಳಿದು ಬಂದವರನ್ನು ತಾರವ್ವ ಕಂಡಿಲ್ಲ.

ಆದರೆ ಹೆಸರು ಬಿಟ್ಟು ಒಂದು ಮಾತು ಹೆಚ್ಚಿಗೆ ಆಡುವಂತಿರಲಿಲ್ಲ. ವಕೀಲರು ಮಾತಾಡಿದರು, ಸಾಹೇಬರು ಮಾತಾಡಿದರು, ಸುಳ್ಳು ಸಾಕ್ಷಿಯವರು ದೇವರ ಮೇಲೆ ಆಣೆ ಮಾಡಿ ಮಾತಾಡಿದರು. ದಶರಥ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತ. ನಿವೃತ್ತಿ ಆದಾಗ ಪೆನ್ಶನ್ ಅವನಿಗೆ ಬಂತು, ಅಷ್ಟು ವರ್ಷದ ಮಾತು ತಾರವ್ವನಿಗೆ ಬಂತು.

ಅದಕ್ಕೆ ರಾಮಣ್ಣ ದಾರಿ ತೋರಿಸಿದ. "ಕಾಕಾ, ಈಗ ನೆಟ್ ಪುಕ್ಕಟ ಆಗೈತಿ. ಆ್ಯಪ್ ಹಾಕಿ ಕೊಡ್ತೇನಿ, ನೀವು ಮಾತಾಡ್ರಿ. ಮಂದಿ ಫೋನ್ ಮಾಡಿ ನಿಮ್ಮ ಕೂಡ ಮಾತಾಡ್ತಾರ."

"ಇವರ ಕೂಡ ಮಾತಾಡಾಕ ಮಂದಿ ತಾವಾಗಿ ಫೋನ್ ಮಾಡ್ತಾರೇನಪಾ?" ಅಂದಳು ತಾರವ್ವ. "ಅಂಥಾವ್ರು ಸಿಕ್ರ ನನಗೂ ತೋರಸು, ಕಾಲು ಬೀಳ್ತೇನಿ."

ರಾಮಣ್ಣ ಗಲಗಲಿಗೆ, ತುಬಚಿಗೆ, ಬನಹಟ್ಟಿಗೆ ಹೋಗುವ ಆಟೋಗಳ ಬೆನ್ನಿಗೆ ರೇಡಿಯೋದ ಲಿಂಕು, ಫೋನ್ ನಂಬರು ಇದ್ದ ಚೀಟಿ ಅಂಟಿಸಿದ. ಕಾರ್ಯಕ್ರಮದ ಹೆಸರು 'ಹಾಜರ್'. ವಾರಕ್ಕೊಂದು ವಿಷಯ. ಆ ಭಾನುವಾರದ ವಿಷಯ, ಮಾತು ಕಡಿಮೆ ಮಾಡಿದರೆ ಸಂಸಾರ ಸುಖವೋ ಅಲ್ಲವೋ. ಇದರ ಮೇಲೆ ದಶರಥ ಒಬ್ಬನೇ ಒಂದು ತಾಸು ಮಾತಾಡಿದ.

ನಡುನಡುವೆ ಫೋನು ಬಂತು. ಬಂತು ಅಂದರೆ ಅರ್ಧ ರಿಂಗ್ ಆಗಿ ನಿಂತಿತು. ಅವನು ಕನ್ನಡಕ ಏರಿಸಿ ನಂಬರ್ ನೋಡಿ ಹಳೇ ರಾಗದಲ್ಲಿ ಕೂಗಿದ. "ಕೊನೀ ಅಂಕಿ ಎರಡು ಏಳು ಒಂಬತ್ತು, ಹಾಜರ್ ಅದೀರೇನ್ರೀ. ಎರಡು ಏಳು ಒಂಬತ್ತು, ಹಾಜರ್ ಅದೀರೇನ್ರೀ. ಎರಡು ಏಳು ಒಂಬತ್ತು." ತಡೆದ. "ಗೈರಹಾಜರ್."

ಇನ್ನೊಂದು ಅರ್ಧ ರಿಂಗ್. ಅದೂ ಗೈರಹಾಜರ್. ಪ್ರತಿ ವಾರವೂ ಹೀಗೇ.

ಮುಗಿದು ಉಣ್ಣಲು ಕೂತಾಗ ತಾರವ್ವ ಅಂದಳು, "ಅವು ಮಿಸ್ ಕಾಲ್ ಅದಾವ್ರೀ. ನಮ್ಮ ತಂಗಿಗೆ ನಾ ಕೊಡೂದಿಲ್ಲೇನು? ನೀವ ತಿರುಗಿ ಹಚ್ಚಬೇಕು."

"ಕೋರ್ಟು ಯಾವಾಗರೆ ಪಾರ್ಟಿ ಮನಿಗೆ ಹೋಗಿ ಬಾಗಲಾ ಬಡದೈತೇನು? ಬೇಕಾದ್ರ ತಾವ ಹಾಜರ್ ಆಗಲಿ."

"ಹಂಗಾದ್ರ ನಿಮ್ಮ ಕೋರ್ಟಿನ್ಯಾಗ ನೀವೊಬ್ಬರ ಕುಂಡ್ರಿ."

ಅವನು ರೊಟ್ಟಿ ಮುರಿದ. ಬಾಯಿಗೆ ಇಡಲಿಲ್ಲ. "ಖರೆ ಹೇಳು," ಅಂದ. "ಯಾರರೆ ಕೇಳಾಕತ್ತಾರಂತೀಯೇನು?"

"ನಾ ಕೇಳಾಕತ್ತೇನಲ್ಲ. ನನಗೆಲ್ಲಿ ಬಿಡುಗಡಿ ಐತಿ?"

ನಕ್ಕ. ಪಲ್ಲೆ ಛಲೋ ಆಗೈತಿ ಅಂದ. ಉಂಡು ಮಲಗಿದ. ಮುಂಜಾನೆ ಎಬ್ಬಿಸಲು ಹೋದಾಗ ಕೈ ತಣ್ಣಗಿತ್ತು.

ಮಂದಿ ಬಂದರು. ಒಂದು ದಿನವೂ ರೇಡಿಯೋ ಹಚ್ಚದವರು "ಎಂಥಾ ಛಲೋ ಪ್ರೋಗ್ರಾಮ್ ಮಾಡ್ತಿದ್ದ" ಅಂತ ಅತ್ತರು. ಮೈದುನ ಯುವರಾಜ ಮುಧೋಳದಿಂದ ಬಂದಿದ್ದ, ಅಲ್ಲಿ ಸಕ್ಕರೆ ಫ್ಯಾಕ್ಟರಿಯ ಆಫೀಸಿನಲ್ಲಿ ಕ್ಲಾರ್ಕು. ಕೇಳು ಅಂತ ಅಣ್ಣ ಅಂಗಲಾಚಿದಾಗೆಲ್ಲ ಅವನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ.

"ವೈನಿ, ಮೈಕ್ ಗೀಕ್ ತಗದ ಬಿಡ್ರಿ. ಆ ಫೋನೂ ಬಂದ್ ಮಾಡ್ರಿ," ಅಂದ. "ಮಂದಿ ಏನಂದಾರು."

ಯಾವ ಮಂದಿ ಅಂತ ತಾರವ್ವ ಕೇಳಲಿಲ್ಲ. ಮಂದಿಯೇ ಇಲ್ಲ ಅಂತ ಕೊರಗಿಕೊಂಡೇ ಗಂಡ ಹೋಗಿದ್ದ.

ದಿನ ಕರ್ಮ ಮುಗಿದು ಎಲ್ಲರೂ ಹೋದ ಮೇಲೆ ಮನೆ ಗಪ್ಪಾಯಿತು. ಒಂದು ಗಳಿಗೆ ಬಾಯಿ ಮುಚ್ಚಿಸಪ್ಪಾ ಅಂತ ಅವಳು ದಿನಾ ಬೀರಪ್ಪನಿಗೆ ಬೇಡಿಕೊಂಡಿದ್ದಳು. ಮಕ್ಕಳಿಗಾಗಿ ಹೊತ್ತ ಹರಕೆ ಕೇಳಿಸದ ದೇವರಿಗೆ ಇದೊಂದು ಕೇಳಿಸಿತ್ತು.

ಮುಂದಿನ ಭಾನುವಾರ ಐದಕ್ಕೆ ಫೋನು ಅರ್ಧ ರಿಂಗ್ ಆಗಿ ನಿಂತಿತು. ಮತ್ತೊಂದು. ಮತ್ತೊಂದು. ದಿಂಬಿನ ಕೆಳಗಿಟ್ಟಳು. ದಿಂಬು ಗುಂಯ್ ಅಂದಿತು. ಬಂದ್ ಮಾಡೋಣ ಅಂತ ಕೈಗೆ ತಗೊಂಡಳು. ಹೇಳಿಯಾದರೂ ಬಂದ್ ಮಾಡಬೇಕು ಅನಿಸಿತು. ತಿರುಗಿ ಹಚ್ಚಿದಳು.

"ನಾವ್ರೀ, ಗಲಗಲಿ ಅಮಸಿದ್ದಪ್ಪ, ಕುರಿ ಕಾಯಾವ್ರು," ಅಂತು ಆ ಕಡೆ ಧ್ವನಿ. "ಕೋರ್ಟ್ ಕಾಕಾ ಹೋದ ವಾರಾನೂ ಕೂಗಲಿಲ್ಲ, ಇವತ್ತೂ ಯಾಕ ಕೂಗವಲ್ಲರು?"

"ತೀರಿಕೊಂಡ್ರು. ಇನ್ನ ಕೂಗೂದಿಲ್ಲ."

"ಕಾಕಾ ಹೋದ್ರಂತ," ಅಂತ ಅವನು ಸುತ್ತಲಿದ್ದವರಿಗೆ ಹೇಳಿದ್ದು, ಕುರಿಗಳು ಅರಚಿದ್ದು ಕೇಳಿತು.

"ನೀವು ರೇಡಿಯೋ ಕೇಳ್ತಿದ್ರೇನು?" ಅಂದಳು.

"ಒಂದು ವಾರಾನೂ ತಪ್ಪಿಸಿಲ್ರಿ. ಹೊಳಿ ದಂಡಿಗೆ ಕುರಿ ಬಿಟ್ಟು ಒಂದ ಫೋನಿನ ಸುತ್ತ ಎಲ್ಲಾರೂ ಕುಂಡ್ರತಿದ್ವಿ. ನಮ್ಮಪ್ಪನ ಹೆಸರೂ ಅವರ ಕೂಗಿದ್ದು, ಹೊಲ ಮುಳಗಿದ ಕೇಸಿನ್ಯಾಗ."

"ಮತ್ತ ಅರ್ಧಾ ರಿಂಗ್ ಮಾಡಿ ಯಾಕ ಇಡ್ತಿದ್ರಿ? ರೊಕ್ಕ ಉಳಸಾಕ?"

"ಛೇ, ರೊಕ್ಕದ್ದಲ್ರಿ ಯವ್ವಾ. ಅವ್ರು ಎತ್ತಿದ್ರ ಮಾತಾಡಬೇಕಾಕೈತಿ. ನಮಗೆಲ್ಲಿ ಮಾತಾಡಾಕ ಬರ್ತೈತಿ? ಅರ್ಧಾ ಕೊಟ್ರ ಕಾಕಾ ನಮ್ಮ ನಂಬರ್ ಮೂರು ಸಲ ಕೂಗ್ತಿದ್ರು. ನಾವೆಲ್ಲಾ ಎದ್ದು ನಿಂತು ಹಾಜರ್ ಅಂತಿದ್ವಿ. ಅವ್ರು ಅಲ್ಲಿಂದ ಗೈರಹಾಜರ್ ಅಂತಿದ್ರು. ನಕ್ಕ ನಕ್ಕ ಸಾಕಾಗ್ತಿತ್ರಿ."

"ಈ ಮಾತು ಅವರಿಗೆ ಹೇಳಿದ್ರ ನಿಮ್ಮ ಬಾಯಾಗಿನ ಹಲ್ಲು ಉದರತಿದ್ದುವೇನೋ?"

"ಹೇಳಿದ್ರ ಕೂಗೂದು ಬಿಟ್ಟಬಿಡ್ತಿದ್ರಲ್ರಿ."

ತಾರವ್ವ ಫೋನ್ ಇಟ್ಟಳು. ಬಂದವರ ಮುಂದೆ ಅಷ್ಟು ದಿನ ಅತ್ತದ್ದು ರಿವಾಜು. ಆ ಸಂಜೆ ಅತ್ತದ್ದು ಅವಳದು. ಕೋರ್ಟು ತುಂಬಿತ್ತು, ಕೂಗಿದವನಿಗೆ ಮಾತ್ರ ಗೊತ್ತಾಗಲಿಲ್ಲ. ತಿರುಗಿ ಹಚ್ಚಿ ಹೇಳೋಣ ಅಂದರೆ ಅವನು ಹೋದ ಊರಿಗೆ ರಾಮಣ್ಣನ ಹತ್ತಿರವೂ ಆ್ಯಪ್ ಇರಲಿಲ್ಲ.

ಮುಖ ತೊಳೆದುಕೊಂಡು ಎದುರಿನ ಅಂಗಡಿಗೆ ಹೋದಳು. "ಬರೋ ವಾರ ಬಂದು ಹಚ್ಚಿ ಕೊಡು," ಅಂದಳು.

"ಕಾಕಿ, ನೀವೇನು ಮಾತಾಡ್ತೀರಿ?" ಅಂದ ರಾಮಣ್ಣ.

"ನನಗೇನು ಬರ್ತೈತಿ. ಅವರಿಗೆ ತಿರುಗಿ ಹಚ್ಚತೇನಿ. ಅವ್ರು ಮಾತಾಡ್ಲಿ."

ಅವರು ಮಾತಾಡಿದ್ದು ಹೀಗೆ. "ಆರಾಮ್ರಿ?" "ಆರಾಮ್ರಿ." "ಊಟ ಆತ್ರಿ?" "ಆತ್ರಿ." ಆಮೇಲೆ ಮೌನ. ಆಮೇಲೆ ಕುರಿ. ತುಬಚಿಯ ತಂಗೆವ್ವ ಅನ್ನುವ ಹೆಂಗಸು ಗಂಟಲು ಸರಿ ಮಾಡಿಕೊಂಡು, ಮತ್ತೆ ಸರಿ ಮಾಡಿಕೊಂಡು, "ಮತ್ತ ಇಡ್ಲೇನ್ರೀ" ಅಂದಳು. ಜಗತ್ತಿನ ಮೂಲೆ ಮೂಲೆ ಇದನ್ನು ಒಂದು ತಾಸು ಕೇಳಿತು. ಮುಂದಿನ ವಾರ ಹತ್ತು ಮೂಲೆ ಹೆಚ್ಚಾಗಿದ್ದವು. ಜಗತ್ತಿಗೆ ಬೇರೆ ಕೆಲಸವಿಲ್ಲ.

ಯುವರಾಜ ಫೋನ್ ಮಾಡಿದ. "ವೈನಿ, ಅಣ್ಣ ಹೋಗಿ ಎರಡು ತಿಂಗಳಾಗಿಲ್ಲ. ರೇಡಿಯೋದಾಗ ಮಂದಿ ನಗಾಕತ್ತಾರ."

"ನೀ ಕೇಳಿದ್ಯೇನು?"

"ಪೂರಾ ಕೇಳಿದೆ."

"ಹಂಗಾದ್ರ ಮುಧೋಳಕ್ಕ ನೆಟ್‌ವರ್ಕ್ ಬಂತು. ಛಲೋ ಆತು ಬಿಡು."

ಆದರೆ ತಾರವ್ವನಿಗೆ ತಿಳಿದುಹೋಗಿತ್ತು, ಇವರು ಎಲ್ಲರ ಮುಂದೆ ಬಾಯಿ ಬಿಡುವವರಲ್ಲ. ಒಂದು ಮುಂಜಾನೆ ತಂಗೆವ್ವನದು ಮಿಸ್ ಕಾಲ್ ಬಂದಿತ್ತು. ರೇಡಿಯೋಕ್ಕೆ ಬಿಡದೆ, ಬರೀ ಫೋನಿನಲ್ಲೇ ತಿರುಗಿ ಹಚ್ಚಿದಳು. ತಂಗೆವ್ವ ಗಂಡ ಸತ್ತದ್ದು, ಬಾವಿ ಬತ್ತಿದ್ದು, ಸೊಸೆ ಚಹಾಕ್ಕೆ ಸಕ್ಕರೆ ಹಾಕದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಈ ಸುದ್ದಿ ಉಳಿದವರಿಗೆ ಹೇಗೆ ಹೋಯಿತೋ. ಆಮೇಲೆ ವಾರಪೂರ್ತಿ ಅರ್ಧ ರಿಂಗುಗಳೇ.

ಈಗಲೂ ದಿನಾ ಮುಂಜಾನೆ ಅಂಗಳಕ್ಕೆ ನೀರು ಹಾಕಿ, ಒಲೆ ಹಚ್ಚುವ ಮೊದಲು ಹೊಸ್ತಿಲ ಮೇಲೆ ಕೂರುತ್ತಾಳೆ. ಮಿಸ್ ಕಾಲ್ ಕೊಟ್ಟವರಿಗೆ ಒಬ್ಬೊಬ್ಬರಿಗೇ ಹಚ್ಚುತ್ತಾಳೆ. ಎತ್ತದವರಿಗೆ ಇನ್ನೊಮ್ಮೆ ಹಚ್ಚುತ್ತಾಳೆ.